ಸರಾಯತ್ ಮಳೆಯೂ ತೆಂಗಿನ ಹಾಲೂ

“ಮೇಡಂ, ಇಲ್ಲಿ ಹನಿ ಮಳೆ ಉಂಟು.”

“ಸಾಧ್ಯವೇ ಇಲ್ಲ. ಇಡೀ ಬಹರೈನ್ ಮೇಲೆ ಒಂದು ತುಣುಕು ಮೋಡ ಇಲ್ಲ.”

“ನನ್ನ ಅಂಗಿ ಒದ್ದೆ ಆಗಿದೆ ಮಾರಾಯ್ರೆ. ಮೋಡ ಇಲ್ಲ ಅಂತ ಅಂಗಿಗೆ ಹೇಳ್ಲಿಕ್ಕೆ ಆಗ್ತದಾ?”

ಮಾರ್ಥಾಳಿಗೂ ಸ್ಯಾವಿಯೊಗೂ ನಡುವೆ ನಡೆದ ಮೊದಲ ಮಾತು ಇದು. ಜಗಳ ಎಂದರೂ ಸಲ್ಲುತ್ತದೆ. ಅವಳು ಸೀಫ್‌ನ ಗಾಜಿನ ಕಟ್ಟಡವೊಂದರ ಎತ್ತರದ ಮಹಡಿಯಲ್ಲಿ ಕೂತು, ಬಂದರುಗಳಿಗೂ ಕ್ರೇನು ನಿಲ್ಲಿಸಿದ ಕಾಮಗಾರಿಗಳಿಗೂ ನಾಳೆಯ ಗಾಳಿ ಮಳೆ ಹೇಳುವವಳು. ಅವನು ಸಿತ್ರಾದ ಜೆಟ್ಟಿಯ ತುದಿಯಲ್ಲಿ ಒಂದು ಪುಟ್ಟ ಕೋಣೆಯಲ್ಲಿದ್ದು, ಇವತ್ತಿನ ಆಕಾಶ ನೋಡಿ ವರದಿ ಕೊಡುವವನು, ಗಾಳಿ ಎದ್ದರೆ ಕ್ರೇನಿನವರಿಗೆ ಸನ್ನೆ ಮಾಡಿ ನಿಲ್ಲಿಸುವವನು. ಇಬ್ಬರಿಗೂ ಸಂಬಳ ಕೊಡುವುದು ಒಂದೇ ಸಣ್ಣ ಕಂಪನಿ. ದಿನಾ ಬೆಳಿಗ್ಗೆ ಅವನು ಕಂಡದ್ದನ್ನು ಫೋನಿನಲ್ಲಿ ಹೇಳಬೇಕು, ಅವಳು ಅದನ್ನು ತನ್ನ ಲೆಕ್ಕದ ಪಕ್ಕ ಇಟ್ಟು ತೂಗಿ ನೋಡಬೇಕು.

ಅವತ್ತು ಐದು ನಿಮಿಷಕ್ಕೆ ಮತ್ತೆ ಫೋನು ಬಂತು.

“ಮೇಡಂ, ಆ ಮಳೆಯನ್ನು ಹೊಡೆದು ಹಾಕಿ.”

“ಯಾಕೆ, ನಿಂತುಹೋಯ್ತಾ?”

“ನಾಲಗೆಗೆ ಹಚ್ಚಿ ನೋಡಿದೆ. ಉಪ್ಪು ಉಂಟು. ಪಕ್ಕದ ಹಡಗಿನವರು ಡೆಕ್ ತೊಳೀತಾ ಇದ್ದಾರೆ, ಗಾಳಿಗೆ ನನ್ನ ಮೇಲೆ ಬಂದದ್ದು.”

ಮಾರ್ಥಾ ಫೋನನ್ನು ದೂರ ಹಿಡಿದು ನಕ್ಕಳು. ಆ ನಾಡಿಗೆ ಬಂದ ಮೇಲೆ ಹೊಟ್ಟೆಯಿಂದ ಬಂದ ನಗು ಅದೇ ಮೊದಲು. ಉಪಗ್ರಹ, ರಾಡಾರು, ಕಂಪ್ಯೂಟರಿನ ಬಣ್ಣದ ನಕ್ಷೆಗಳು ಎಲ್ಲ ಇದ್ದ ಈ ಕಾಲದಲ್ಲಿ ಮಳೆಯನ್ನು ನೆಕ್ಕಿ ನೋಡಿ, ತಪ್ಪಾಯಿತು ಎಂದು ತಾನೇ ಹೇಳುವ ಗಂಡಸು ಎಂಥವನಿರಬಹುದು ಎಂದು ಅವಳಿಗೆ ಅನಿಸಿತು.

ಎಂಥವನೆಂದು ತಿಳಿದದ್ದು ಚರ್ಚಿನ ಅಂಗಳದಲ್ಲಿ.

ಮಾರ್ಥಾ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯವಳು. ಅಲ್ಲಿಯ ಕ್ರೈಸ್ತರದು ಹಿಂದಿನಿಂದಲೂ ಕನ್ನಡದ್ದೇ ಜಪ, ಕನ್ನಡದ್ದೇ ಪೂಜೆ. ಬಹರೈನಿನಲ್ಲಿ ಅವಳು ಸುಮ್ಮನೆ ಇಂಗ್ಲಿಷ್ ಪೂಜೆಗೆ ಹೋಗಿಬರುತ್ತಿದ್ದಳು. ಒಂದು ಶುಕ್ರವಾರ ಅದು ಮುಗಿದು ಕೊಂಕಣಿ ಪೂಜೆಯ ಜನ ಒಳಗೆ ಹೋಗುತ್ತಿದ್ದಾಗ ಬೆನ್ನ ಹಿಂದೆ ಒಂದು ದನಿ ಕೇಳಿತು. “ಇವತ್ತು ಕೌಸ್ ಗಾಳಿ. ಸಂಜೆಗೆ ಬೆವರು ಒಣಗುದಿಲ್ಲ ನೋಡಿ.” ಕೌಸ್ ಎಂದರೆ ಆಗ್ನೇಯದಿಂದ ಬರುವ ಹಸಿ ಗಾಳಿ. ಆ ಮಾತನ್ನು ಆ ರಾಗದಲ್ಲಿ ಹೇಳುವವನು ದ್ವೀಪದಲ್ಲಿ ಒಬ್ಬನೇ.

ಅವಳು ತಿರುಗಿದಳು. ಉದ್ದನೆಯ ಮೈ, ಬಿಸಿಲಿಗೆ ಕಂದಿದ ಹಣೆ, ಕಣ್ಣಿನ ಅಂಚಿನಲ್ಲಿ ಸದಾ ದೂರ ನೋಡುವವರಿಗೆ ಬೀಳುವ ಸಣ್ಣ ಗೆರೆಗಳು. ಅವನು ಮೆಟ್ಟಿಲು ಹತ್ತುವ ಮೊದಲು ಒಮ್ಮೆ ಆಕಾಶ ನೋಡಿದ, ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಎರಡೂ ಒಂದೇ ಉಸಿರಿನಲ್ಲಿ, ಒಂದೇ ಕೆಲಸದ ಹಾಗೆ.

“ಸ್ಯಾವಿಯೊ ಅವರೇ, ಇಲ್ಲೂ ವರದಿ ಕೊಡ್ತಿದೀರಾ?” ಎಂದಳು.

ಅವನು ಅವಳ ಮುಖ ನೋಡಿದ. ಅವನಿಗೂ ದನಿಯೇ ಗುರುತು ಹೇಳಿರಬೇಕು. “ಮೇಡಂ,” ಎಂದ, “ನಿಮ್ಮನ್ನು ನಾನು ಇಷ್ಟು ದಿನ ಕನ್ನಡಕ ಹಾಕಿದ ದೊಡ್ಡ ಪ್ರಾಯದವರು ಅಂತ ತಿಳ್ಕೊಂಡಿದ್ದೆ.”

“ಈಗ?”

“ಈಗ ಎಂತ ಹೇಳುದು. ವರದಿಯಲ್ಲಿ ತಪ್ಪು ಉಂಟು, ತಿದ್ದಬೇಕು.”

ಅಂದಿನಿಂದ ಬೆಳಗಿನ ಫೋನು ಸ್ವಲ್ಪ ಉದ್ದವಾಯಿತು.

ಒಂದು ವಸಂತ ಕಳೆಯಿತು, ಇನ್ನೊಂದು ಬಂತು. ಮರಳುಗಾಡಿನ ವಸಂತಕ್ಕೆ ಮಾವಿನ ಚಿಗುರಿಲ್ಲ, ಕೋಗಿಲೆಯಿಲ್ಲ. ಗಾಳಿಯ ನಡೆ ನೋಡಿಯೇ ಅದನ್ನು ಕಂಡುಹಿಡಿಯಬೇಕು. ಚಳಿಗಾಲದ ಒಣ ಶಮಾಲ್ ವಾಯವ್ಯದಿಂದ ಬೀಸಿ ಬೀಸಿ ದಣಿಯುತ್ತದೆ. ಕೌಸ್ ಬಂದು ಕಿಟಕಿಯ ಗಾಜಿಗೆಲ್ಲ ಹಬೆ ಹಿಡಿಸುತ್ತದೆ. ಎರಡೂ ಎಲ್ಲೋ ಎದುರುಬದುರಾದ ಸಂಜೆ ಪಶ್ಚಿಮದಲ್ಲಿ ಮೋಡ ಗೋಪುರದಂತೆ ಏಳುತ್ತದೆ, ಅದರ ಕಾಲಬುಡದಲ್ಲಿ ಧೂಳಿನ ಗೋಡೆ ಓಡಿಬರುತ್ತದೆ, ಧೂಳಿನ ಹಿಂದೆಯೇ ಗುಡುಗು ಮಳೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು, ಏನೂ ನಡೆದೇ ಇಲ್ಲವೆಂಬಂತೆ ನಕ್ಷತ್ರ ಮೂಡುತ್ತದೆ. ಇದಕ್ಕೆ ಅಲ್ಲಿಯ ಜನ ಸರಾಯತ್ ಎನ್ನುತ್ತಾರೆ.

ಆಫೀಸಿನ ಹಿರಿಯ ಅಬ್ದುಲ್ ಅಜೀಜ್ ಅವರ ಅಜ್ಜ ಮುತ್ತಿಗಾಗಿ ಸಮುದ್ರಕ್ಕೆ ಇಳಿಯುತ್ತಿದ್ದವರಂತೆ. ಸುಹೈಲ್ ನಕ್ಷತ್ರ ಹುಟ್ಟಿದ ದಿನದಿಂದ ಹತ್ತು ಹತ್ತು ದಿನ ಎಣಿಸಿ ಗಾಳಿಯ ಹಂಗಾಮು ಹೇಳುತ್ತಿದ್ದರಂತೆ. ಅದನ್ನು ಕೇಳಿ ಮಾರ್ಥಾಳಿಗೆ ತನ್ನ ಅಜ್ಜಿ ಅಂತೋಣಮ್ಮ ನೆನಪಾದಳು. ಅಶ್ವಿನಿ, ಭರಣಿ ಎಂದು ಮಳೆಗೆಲ್ಲ ನಕ್ಷತ್ರದ ಹೆಸರಿಟ್ಟು ಕರೆಯುತ್ತಿದ್ದ ಅಜ್ಜಿ, ಇಂಥ ದಿನ ಮಳೆ ಬರುತ್ತದೆ ಎಂದು ಹೇಳಿದ ಮೇಲೆ ಪ್ರತಿಸಲ “ದೇವರ ಚಿತ್ತ” ಎಂದು ಸೇರಿಸುವಳು.

“ನಾವು ಇನ್‌ಶಾ ಅಲ್ಲಾ ಅಂತೀವಿ,” ಎಂದಿದ್ದರು ಅಬ್ದುಲ್ ಅಜೀಜ್, ತಮ್ಮ ಉರ್ದುವಿನಲ್ಲಿ. “ನೀವು ಹೊಸಬರು ನೂರಕ್ಕೆ ಇಷ್ಟು ಅಂತ ಹೇಳ್ತೀರಿ. ಎಲ್ಲ ಒಂದೇ ಮಗಳೇ. ಖಂಡಿತ ಅನ್ನೋ ಮಾತು ಮಾತ್ರ ಈ ಕೆಲಸದಲ್ಲಿ ಇಲ್ಲ.”

ಆ ಮಾತನ್ನು ಮಾರ್ಥಾ ಮಂತ್ರದಂತೆ ಪಾಲಿಸುತ್ತಿದ್ದಳು. ಒಂದೇ ಒಂದು ಸಲ ಮರೆತಳು.

ಈಸ್ಟರ್ ಕಳೆದ ವಾರ ಸ್ಯಾವಿಯೊ ತಾನೇ ಸೀಫ್‌ಗೆ ಬಂದ. ಕೆಳಗಿನ ಕೆಫೆಟೇರಿಯಾದಲ್ಲಿ ಎರಡು ಕರಕ್ ಚಹಾ ತಂದಿಟ್ಟು, ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಫೋನಿನಲ್ಲಿ ಅಷ್ಟು ಸಲೀಸಾಗಿ ಮಾತಾಡುವವನಿಗೆ ಎದುರು ಕೂತರೆ ಮಾತು ಬರುತ್ತಿರಲಿಲ್ಲ. ಅವಳಿಗೆ ಅದೂ ಇಷ್ಟ.

“ತಂಗಿಯ ಮದುವೆ ಉಂಟಲ್ಲ, ರೆಶ್ಮಾಳದ್ದು,” ಎಂದ. “ಅವಳಿಗೂ ಮದುಮಗ ಕ್ಲೈವ್‌ಗೂ ಇಬ್ಬರಿಗೂ ಆಸ್ಪತ್ರೆಯಿಂದ ಒಟ್ಟಿಗೆ ರಜೆ ಸಿಗ್ಲಿಲ್ಲ. ಹಾಗಾಗಿ ಊರಲ್ಲಿ ಅಲ್ಲ, ಇಲ್ಲೇ. ಅಮ್ಮ ಶಿರ್ವದಿಂದ ಬಂದಿದ್ದಾರೆ. ಮದುವೆಯ ಮುಂಚಿನ ದಿನ ರೋಸ್.”

“ಅಂದ್ರೆ?”

“ನಿಮ್ಮಲ್ಲಿ ಇಲ್ವಾ?” ಅವನು ಆಶ್ಚರ್ಯಪಟ್ಟ. “ತೆಂಗಿನ ಹಾಲು ತೆಗೆದು ಮದುಮಗಳ ತಲೆಗೆ, ಕೆನ್ನೆಗೆ, ಕೈಗೆ ಹಚ್ಚುದು. ಹಿರಿಯರೆಲ್ಲ ಹಚ್ಚಿ ಹರಸಬೇಕು. ಹುಡುಗಿಯಾಗಿ ತಾಯಿ ಮನೆಯಲ್ಲಿ ಅವಳಿಗೆ ಅದೇ ಕೊನೆಯ ಸ್ನಾನ. ಆಮೇಲೆ ಹೊಸಿಲು ದಾಟಿ ಎಲ್ಲಿಗೂ ಹೋಗ್ಲಿಕ್ಕಿಲ್ಲ, ಸೀದಾ ಚರ್ಚಿಗೇ.” ಕಪ್ಪನ್ನು ಕೆಳಗಿಟ್ಟು ಹೇಳಿದ. “ಅಪ್ಪ ಇಲ್ಲ. ಅಪ್ಪ ಬಾವಿಕಟ್ಟೆಯ ಹತ್ತಿರ ನೆಟ್ಟ ತೆಂಗು ಉಂಟು. ಅದರ ಕಾಯಿಯನ್ನು ಅಮ್ಮ ಬಟ್ಟೆ ಕಡಿಮೆ ಮಾಡಿ ಪೆಟ್ಟಿಗೆಯಲ್ಲಿ ತಂದಿದ್ದಾರೆ. ರೋಸ್ ಆಕಾಶದ ಅಡಿಯಲ್ಲೇ ಆಗ್ಬೇಕಂತೆ. ಅಪ್ಪನಿಗೆ ಕಾಣ್ಬೇಕಲ್ಲ, ಅಂತಾರೆ.”

ಮಾರ್ಥಾ ಮೇಜಿನ ಮೇಲೆ ಮೊಣಕೈಯೂರಿ ಮುಂದೆ ಬಾಗಿದಳು.

“ರಿಫಾದ ನಮ್ಮ ಮನೆಗೆ ಅಂಗಳ ಉಂಟು. ಆದ್ರೆ ಗೋಡೆ ಗಿಡ್ಡ, ಮೇಲೆ ಮಾಡು ಇಲ್ಲ. ಧೂಳು ಎದ್ದರೆ ಹಾಲು ಹೋಯ್ತು, ಇನ್ನೊಮ್ಮೆ ತೆಗೀಲಿಕ್ಕೆ ಆ ಮರದ ಕಾಯಿ ಇಲ್ಲ. ಯಾವುದಕ್ಕೂ ಇರಲಿ ಅಂತ ಒಂದು ಪಾರ್ಟಿ ಹಾಲ್ ಹೇಳಿಟ್ಟಿದ್ದೇನೆ. ಇಟ್ಕೊಳ್ಳುದಾ ಬಿಡುದಾ ಅಂತ ಇವತ್ತೇ ಹೇಳ್ಬೇಕು, ಬೇರೆಯವರು ಕಾಯ್ತಾ ಇದ್ದಾರೆ.” ಅವನು ತಲೆಯೆತ್ತಿ ಅವಳನ್ನೇ ನೋಡಿದ. “ನೀವು ಹೇಳಿ. ಮುಂದಿನ ಗುರುವಾರ ಸಂಜೆ ಹೇಗೆ?”

ಅವಳು ಬೆಳಿಗ್ಗೆಯೇ ನೋಡಿದ್ದಳು. ನೂರಕ್ಕೆ ಮೂವತ್ತು, ಗುಡುಗು ಸಹಿತ ಮಳೆ. ದಿನವಿಡೀ ಯಾರಿಗೆ ಬೇಕಾದರೂ ಅದನ್ನು ಅಳುಕದೆ ಹೇಳುತ್ತಿದ್ದಳು. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣಲ್ಲಿ ಒಂದು ಆಸೆ ಇತ್ತು; ತಾಯಿಯ ಆಸೆಯನ್ನು ಹೊತ್ತು ತಂದ ಮಗನ ಆಸೆ. ದೂರ ನೋಡಿ ಅಭ್ಯಾಸವಾದ ಆ ಕಣ್ಣು ಅಷ್ಟು ಹತ್ತಿರದಿಂದ ಅವಳನ್ನು ನೋಡುತ್ತಿತ್ತು. ಆ ಮೂವತ್ತನ್ನು ಅವಳು ಕರಕ್ ಚಹಾದ ಜೊತೆ ನುಂಗಿಬಿಟ್ಟಳು.

“ಹಾಲ್ ಬಿಟ್ಟುಬಿಡಿ,” ಎಂದಳು. “ಮಳೆ ಬರಲ್ಲ. ಖಂಡಿತ.”

ಅವನ ಮುಖ ಬೆಳಗಿತು. “ನೀವು ರೋಸ್‌ಗೆ ಬರ್ಬೇಕು,” ಎಂದ.

“ನಂಗೆ ಕೊಂಕಣಿ ಬರಲ್ಲ.”

“ತೆಂಗಿನ ಹಾಲಿಗೆ ಭಾಷೆ ಇಲ್ಲ ಮಾರಾಯ್ರೆ.”

ಲಿಫ್ಟಿನಲ್ಲಿ ಮೇಲೆ ಹೋಗುವಾಗ ಅವಳಿಗೆ ಹೊಳೆಯಿತು: ದೇವರ ಚಿತ್ತ ಎನ್ನುವುದನ್ನೂ ಮರೆತಿದ್ದೇನೆ.

ಆ ಗುರುವಾರ ಬೆಳಿಗ್ಗೆ ಅವಳು ಕಿಟಕಿ ತೆರೆದಾಗ ಗಾಳಿ ಹಸಿಯಾಗಿತ್ತು. ಕೌಸ್. ಬಟ್ಟೆ ಬದಲಿಸುವ ಮೊದಲೇ ಕಂಪ್ಯೂಟರು ತೆರೆದಳು. ನಕ್ಷೆಗಳಲ್ಲಿ, ಸೌದಿಯ ಮರಳುಗಾಡಿನ ಮೇಲೆ ಮೋಡ ಹೆಣೆಯಲು ಬೇಕಾದದ್ದೆಲ್ಲ ಒಂದೊಂದಾಗಿ ಬಂದು ಸೇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸಂಶಯ ಉಳಿಯಲಿಲ್ಲ. ಸಂಜೆ ಸರಾಯತ್ ಬರುವುದು ಹೌದು, ಅದೂ ಸೀದಾ ರಿಫಾದ ಮೇಲೆ.

ಜೆಟ್ಟಿಗಳಿಗೆಲ್ಲ ಎಚ್ಚರಿಕೆ ಕಳಿಸಿದಳು. ಒಂದು ಫೋನು ಮಾತ್ರ ಉಳಿಯಿತು. ಅದನ್ನು ಮಾಡದೆ ಬಿಡಬಹುದಿತ್ತು. ಎಚ್ಚರಿಕೆ ಅವನಿಗೂ ಹೋಗಿತ್ತಲ್ಲ. ಆದರೆ ಮಾತು ಕೊಟ್ಟದ್ದು ಬಾಯಿ, ಎಚ್ಚರಿಕೆಯ ಕಾಗದವಲ್ಲ.

“ಸ್ಯಾವಿಯೊ, ನಾನು ತಪ್ಪಿದೆ. ಸಂಜೆ ಧೂಳು ಬರುತ್ತೆ, ಮಳೆ ಬರುತ್ತೆ. ಅವತ್ತೇ ನೂರಕ್ಕೆ ಮೂವತ್ತು ಅಂತ ಇತ್ತು. ನಿಮಗೆ ಹೇಳಲಿಲ್ಲ.”

ಆ ಕಡೆ ಅಲೆಯ ಸದ್ದು. ಅವನು ಕೇಳಿದ, “ಹಾಲ್ ಬಿಟ್ಟಾಯ್ತಲ್ಲ?”

“ಗೊತ್ತು. ಸಿಟ್ಟು ಬಂದಿದೆಯಾ?”

“ಬಂದದ್ದು ಹೌದು. ನಾನು ಬಿಟ್ಟದ್ದು ಕಂಪ್ಯೂಟರ್ ಹೇಳಿದೆ ಅಂತ ಅಲ್ಲ. ನೀವು ಹೇಳಿದ್ರಿ ಅಂತ.” ಉಸಿರು ಎಳೆದುಕೊಂಡ. “ಸಿಟ್ಟು ಆಮೇಲೆ ಮಾಡುವಾ. ನನಗೀಗ ಇಲ್ಲಿಂದ ಹೊರಡ್ಲಿಕ್ಕೆ ಆಗುದಿಲ್ಲ, ಹಡಗಿಂದ ಸಾಮಾನು ಇಳಿಸ್ತಾ ಇದ್ದಾರೆ. ಗಾಳಿ ಬರುವ ಮೊದಲು ಕ್ರೇನ್ ಇಳಿಸ್ಬೇಕು, ಜನ ಒಳಗೆ ಹೋಗ್ಬೇಕು. ಅಮ್ಮನಿಗೆ...”

“ಅಮ್ಮನಿಗೆ ನಾನೇ ಹೋಗಿ ಹೇಳ್ತೀನಿ.”

ಅಬ್ದುಲ್ ಅಜೀಜ್ ಅವಳ ಮುಖ ನೋಡಿದರು. “ಹೋಗು, ರಾಡಾರ್ ನಾನು ನೋಡ್ಕೊಳ್ತೀನಿ,” ಎಂದು ತಮ್ಮ ಕುರ್ಚಿಯನ್ನು ಅವಳ ಮೇಜಿನ ಬಳಿಗೆ ಎಳೆದುಕೊಂಡರು.

ರಿಫಾದ ಆ ಮನೆಯ ಅಂಗಳದಲ್ಲಿ ಒಂದು ಬೋರೆ ಮರವಿತ್ತು. ಅದರ ನೆರಳಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿ ತುರಿಯುತ್ತಿದ್ದರು. ನಡುವೆ ಸೆವ್ರಿನ್ ಬಾಯಿ, ಸ್ಯಾವಿಯೊನ ತಾಯಿ. ಸಣ್ಣ ಮೈ, ಅದೇ ದೂರ ನೋಡುವ ಕಣ್ಣು. ಪಕ್ಕದಲ್ಲಿ ಮೇಲಿನ ಮನೆಯ ಬ್ಯಾರಿ ಹೆಂಗಸು ಸಫಿಯಮ್ಮ, ತಾನೇ ಮದುಮಗಳ ದೊಡ್ಡಮ್ಮ ಎಂಬ ಗತ್ತಿನಲ್ಲಿ ಎಲ್ಲರಿಗೂ ಕೆಲಸ ಹಚ್ಚುತ್ತಿದ್ದಳು.

ಮಾರ್ಥಾ ಚಪ್ಪಲಿ ಬಿಟ್ಟು ಅವರೆದುರು ನೆಲದ ಮೇಲೇ ಕೂತಳು. ತಾನು ಯಾರೆಂದು ಹೇಳಿದಳು. ಏನು ಬರಲಿದೆಯೆಂದು ಹೇಳಿದಳು. ತಾನು ಏನು ಮಾಡಿದೆನೆಂಬುದನ್ನೂ ಮುಚ್ಚಿಡಲಿಲ್ಲ.

ತುರಿಮಣೆಗಳೆಲ್ಲ ನಿಂತವು.

“ಅಂದ್ರೆ ಮಳೆ ಬರುವ ಅಂದಾಜು ನಿನಗೆ ಮೊದಲೇ ಉಂಟು,” ಎಂದರು ಸೆವ್ರಿನ್ ಬಾಯಿ ನಿಧಾನವಾಗಿ. “ಆದ್ರೂ ಇಲ್ಲ ಅಂದದ್ದು. ಯಾಕೆ ಮಗಾ?”

ಮಾರ್ಥಾಳ ಕಿವಿಯ ತುದಿಯವರೆಗೂ ಬಿಸಿಯೇರಿತು. ನೆಲದ ಮೇಲೆ ಬಿದ್ದ ಬೋರೆ ಹಣ್ಣೊಂದನ್ನು ಎತ್ತಿಕೊಂಡು ಅಂಗೈಯಲ್ಲಿ ಉರುಳಿಸುತ್ತ ಕೂತಳು.

ಮುದುಕಿ ಅವಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಸಫಿಯಮ್ಮನ ಕಡೆ ನೋಡಿದರು. ಸಫಿಯಮ್ಮ ಆಕಾಶ ನೋಡಿದಳು.

“ಹಾಗೋ,” ಎಂದರು ಸೆವ್ರಿನ್ ಬಾಯಿ. ಇಷ್ಟೇ ಮಾತು. “ಈಗ ಎಂತ ಮಾಡುದು, ಅದನ್ನು ಹೇಳು. ಮನೆಯೊಳಗೆ ಐವತ್ತು ಜನ ಹಿಡಿಸುದಿಲ್ಲ. ಆಕಾಶವೂ ಹಿಡಿಸುದಿಲ್ಲ.”

ಮಾರ್ಥಾ ಎದ್ದು ನಿಂತಳು. ಈಗ ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ, ಕೆಲಸವಿತ್ತು. “ಮೊದಲು ಧೂಳು ಬರುತ್ತೆ ಅಮ್ಮ, ಅದರ ಬೆನ್ನಿಗೇ ಮಳೆ. ಬೇಗ ಬಂದು ಬೇಗ ಹೋಗೋ ಜಾತಿ ಅದು. ಹಾಲನ್ನು ಒಳಗೆ ಮುಚ್ಚಿಡಿ. ಕುರ್ಚಿ, ದೀಪದ ಸರ ಎಲ್ಲ ಒಳಗೆ. ಮಳೆ ಹೋದ ಮೇಲೆ ಗಾಳಿ ತೊಳೆದ ಹಾಗಿರುತ್ತೆ, ಒಂದು ಕಣ ಧೂಳಿರಲ್ಲ. ಏಳು ಗಂಟೆಗೆ ಇದೇ ಅಂಗಳದಲ್ಲಿ ರೋಸ್ ಮಾಡಬಹುದು.”

“ಖಂಡಿತವಾ?” ಎಂದಳು ಸಫಿಯಮ್ಮ, ತುಟಿಯಂಚಿನಲ್ಲಿ ನಗು ಕಚ್ಚಿಕೊಂಡು.

“ಖಂಡಿತ ಅನ್ನಲ್ಲ. ನೂರಕ್ಕೆ ಎಪ್ಪತ್ತು. ಉಳಿದದ್ದು ದೇವರ ಚಿತ್ತ.”

“ಎಪ್ಪತ್ತು ಸಾಕು,” ಎಂದರು ಸೆವ್ರಿನ್ ಬಾಯಿ, ಮತ್ತೆ ತುರಿಮಣೆಗೆ ಕಾಲು ಹಾಕುತ್ತ. “ನಮ್ಮಲ್ಲಿ ಮದುಮಗನ ಮೇಲೆ ಸಹ ಅಷ್ಟು ಭರವಸೆ ಇಟ್ಟು ಹೆಣ್ಣು ಕೊಡುದಿಲ್ಲ.”

ಒಳಗಿನ ಕೋಣೆಯಿಂದ ಮದುಮಗಳು ರೆಶ್ಮಾ ಕೂಗಿದಳು, “ಮಾಂಯ್, ಕ್ಲೈವ್‌ಗೆ ಇದು ಕೇಳಿದ್ರೆ ಬೇಜಾರು ಮಾಡ್ತಾನೆ.” ಹೆಂಗಸರೆಲ್ಲ ನಕ್ಕರು. ಕೆಲಸ ಮತ್ತೆ ಹರಿಯತೊಡಗಿತು.

ಸಂಜೆ ಐದರ ಹೊತ್ತಿಗೆ ಹಕ್ಕಿಗಳ ದನಿ ನಿಂತಿತು. ಬೋರೆ ಮರದ ಎಲೆ ಅಲುಗಲಿಲ್ಲ. ಮಾರ್ಥಾ ಒಬ್ಬಳೇ ಅಂಗಳಕ್ಕೆ ಬಂದು ಪಶ್ಚಿಮಕ್ಕೆ ತಿರುಗಿದಳು.

ಎಷ್ಟೋ ಸರಾಯತ್‌ಗಳನ್ನು ಅವಳು ಪರದೆಯ ಮೇಲೆ ಹಳದಿ ಕೆಂಪು ಚುಕ್ಕೆಗಳಾಗಿ ಕಂಡಿದ್ದಳು. ಎದುರೆದುರೇ ಕಂಡದ್ದು ಇದೇ ಮೊದಲು. ಮನೆಗಳ ತಾರಸಿಯ ಹಿಂದೆ ಮೋಡ ಎದ್ದು ನಿಂತಿತ್ತು, ಬುಡ ಸೀಸದ ಬಣ್ಣ, ನೆತ್ತಿಯಲ್ಲಿ ಇಳಿಬಿಸಿಲಿನ ಚಿನ್ನ. ಅದರ ಕೆಳಗೆ ಧೂಳು ಬರುತ್ತಿತ್ತು. ಗೋಡೆ ಎನ್ನುತ್ತಾರೆ ಎಲ್ಲರೂ. ಆದರೆ ಅದಕ್ಕೆ ಜೀವವಿತ್ತು, ಸಾವಿರ ಕುರಿಗಳ ಹಿಂಡು ಬೆಟ್ಟ ಇಳಿದು ಬರುವಂತೆ ಒಂದರ ಮೇಲೊಂದು ಉರುಳಿ ಬರುತ್ತಿತ್ತು. ಅಜ್ಜಿ ಇದ್ದಿದ್ದರೆ ಸೆರಗನ್ನು ತಲೆಯ ಮೇಲೆ ಹೊದ್ದು, “ಎಂಥ ಒಡೆಯನಪ್ಪ ನೀನು,” ಎನ್ನುತ್ತಿದ್ದಳು. ಮಾರ್ಥಾಳ ಕೈ ತಾನಾಗಿಯೇ ಹಣೆಗೆ ಹೋಗಿ ಶಿಲುಬೆಯ ಗುರುತು ಹಾಕಿತು.

ಫೋನು ಮೊಳಗಿತು.

“ಎಲ್ಲಿದ್ದೀರಿ?” ಸ್ಯಾವಿಯೊನ ದನಿ.

“ನಿಮ್ಮ ಮನೆ ಅಂಗಳದಲ್ಲಿ.”

“ಅದು ನಿಮ್ಮನ್ನು ದಾಟಿಯೇ ನನ್ನ ಹತ್ತಿರ ಬರುದು. ನನಗೆ ಇಲ್ಲಿಂದ ಕಾಣುದಿಲ್ಲ, ರಿಫೈನರಿ ಅಡ್ಡ ಉಂಟು. ಕ್ರೇನಿನಲ್ಲಿ ಇನ್ನೊಂದು ಲೋಡ್ ನೇತಾಡ್ತಾ ಉಂಟು ಮಾರ್ಥಾ. ನೋಡಿ ಹೇಳಿ.”

ಮೇಡಂ ಎನ್ನಲಿಲ್ಲ. ಅದನ್ನು ಅವಳು ಗಮನಿಸಿದಳು, ಆದರೆ ಎತ್ತಿ ಎದೆಯೊಳಗಿಟ್ಟುಕೊಳ್ಳಲು ಆಗ ಪುರಸತ್ತಿರಲಿಲ್ಲ.

“ಗಾಳಿ ನಿಂತಿದೆ. ಈಗ ತಿರುಗ್ತಿದೆ... ವಾಯವ್ಯದಿಂದ. ತಣ್ಣಗಿದೆ. ಇಳಿಸಿ, ಈಗಲೇ ಇಳಿಸಿ.”

“ಎಷ್ಟು ದೂರ ಕಾಣ್ತದೆ?”

“ಬೀದಿ ಕೊನೆಯ ಮಸೀದಿ ಗೋಪುರ ಕಾಣ್ತಿದೆ. ಇಲ್ಲ, ಹೋಯ್ತು. ಗೇಟು ಕಾಣ್ತಿದೆ.” ಅವಳ ತಲೆಗೂದಲು ಬಿಚ್ಚಿ ಹಾರಿತು, ಹಲ್ಲಿನಲ್ಲಿ ಮರಳು ಕರುಮುರು ಎಂದಿತು. “ಗೇಟೂ ಹೋಯ್ತು. ಬೋರೆ ಮರ ಮಾತ್ರ. ಸ್ಯಾವಿಯೊ, ಲೋಡ್?”

ಸದ್ದು, ಕೂಗು, ಚೈನಿನ ಘರ್ಷಣೆ. ಅವಳು ಕಣ್ಣು ಮುಚ್ಚಿ ನಿಂತಳು. ಎರಡು ವರ್ಷ ಅವನು ಕಂಡು ಹೇಳಿದ್ದ, ಅವಳು ಫೋನಿನ ಈ ತುದಿಯಲ್ಲಿ ಕಾದಿದ್ದಳು. ಈಗ ಅವಳು ಕಂಡಳು, ಅವನು ಅದನ್ನು ನಂಬಿ ಕೈ ಎತ್ತಿ ಸನ್ನೆ ಮಾಡುತ್ತಿದ್ದ. ಆ ಮಧ್ಯಾಹ್ನ ಮುರಿದದ್ದೆಂದುಕೊಂಡ ನಂಬಿಕೆ ಅದೇ ಹೊತ್ತಿನಲ್ಲಿ ಒಂದು ಹಗ್ಗದ ತುದಿಯಲ್ಲಿ ತೂಗುತ್ತಿತ್ತು.

“ಇಳಿಯಿತು,” ಎಂದ ಅವನು, ಏದುಸಿರಿನಲ್ಲಿ. “ಕ್ರೇನಿನ ಬೂಮ್ ಮಡಚಿ ಆಯ್ತು. ಜನ ಎಲ್ಲ ಒಳಗೆ. ನೀವೂ ಒಳಗೆ ಹೋಗಿ ಮಾರಾಯ್ರೆ, ಮರ ಆಗಿ ನಿಲ್ಬೇಡಿ.”

ಮೊದಲ ಹನಿ ಅವಳ ಮೂಗಿನ ಮೇಲೆ ಬಿತ್ತು. ಅವಳು ನಾಲಗೆ ಚಾಚಿ ಮುಂದಿನದನ್ನು ಹಿಡಿದಳು.

“ಉಪ್ಪಿಲ್ಲ,” ಎಂದಳು. “ಬರ್ಕೊಳ್ಳಿ. ಇದು ಮಳೆ.”

ಆ ಕಡೆಯಿಂದ ಬಂದ ನಗುವಿನಲ್ಲಿ ಸಿಟ್ಟಿನ ಗುರುತಿರಲಿಲ್ಲ.

ಮಳೆ ಸುರಿದದ್ದು ಸ್ವಲ್ಪವೇ ಹೊತ್ತು, ಆದರೆ ಮನಸಾರೆ ಸುರಿಯಿತು. ಗುಡುಗಿಗೆ ಕಿಟಕಿ ನಡುಗಿತು, ಅಂಗಳ ಕೆಂಪು ಕೆರೆಯಾಯಿತು, ಸಫಿಯಮ್ಮ ಒಳಗೆ ಅಲ್ಲಾನ ಹೆಸರಿನ ದಿಕ್ರ್ ಹೇಳುತ್ತ, ಸೆವ್ರಿನ್ ಬಾಯಿ ಜಪಸರ ಎಣಿಸುತ್ತ, ಇಬ್ಬರೂ ಹಾಲಿನ ಪಾತ್ರೆಯ ಆಚೆ ಈಚೆ ಕಾವಲು ಕೂತಿದ್ದರು. ಸೂರ್ಯ ಮುಳುಗುವಾಗ ಮೋಡ ಸಮುದ್ರದ ಕಡೆ ಸರಿಯಿತು. ಬಾಗಿಲು ತೆರೆದರೆ ಹೊಸ ಮಣ್ಣಿನ ವಾಸನೆ. ಬೋರೆ ಎಲೆಗಳೆಲ್ಲ ಎಣ್ಣೆ ಹಚ್ಚಿದಂತೆ ಮಿನುಗುತ್ತಿದ್ದವು. ದೂರದ ಮಸೀದಿಯಿಂದ ಮಗ್ರಿಬ್‌ನ ಕರೆ, ತೊಳೆದ ಗಾಳಿಯಲ್ಲಿ ಪಕ್ಕದ ಮನೆಯದೆಂಬಂತೆ ಕೇಳಿತು.

ಹೆಂಗಸರು ಪೊರಕೆ ಹಿಡಿದರು, ಗಂಡಸರು ಕುರ್ಚಿ ಹೊತ್ತರು, ದೀಪದ ಸರ ಮತ್ತೆ ಮರಕ್ಕೇರಿತು. ಡ್ಯೂಟಿ ಮುಗಿಸಿದವರು ನೀರು ದಾಟಿಕೊಂಡು, ಪ್ಯಾಂಟು ಮಡಚಿಕೊಂಡು ಬಂದರು.

ಸ್ಯಾವಿಯೊ ಬಂದಾಗ ಕಂಪನಿಯ ನೀಲಿ ಅಂಗಿ ಮೈಗಂಟಿತ್ತು. ಗೇಟಿನೊಳಗೆ ಕಾಲಿಟ್ಟು ಎಂದಿನಂತೆ ಮೊದಲು ಆಕಾಶ ನೋಡಿದ. ಆಮೇಲೆ ಅವಳನ್ನು ನೋಡಿದ. ಮಾರ್ಥಾ ಕೂದಲನ್ನು ಹೇಗೋ ಗಂಟು ಕಟ್ಟಿ, ಸೆವ್ರಿನ್ ಬಾಯಿಯ ಹಳೆಯ ಸೀರೆ ಉಟ್ಟು, ದೀಪ ಕಟ್ಟುವವನಿಗೆ ಏಣಿ ಹಿಡಿದಿದ್ದಳು. ರೆಪ್ಪೆಯ ಮೇಲೆ ಇನ್ನೂ ಧೂಳಿನ ಹುಡಿಯಿತ್ತು.

“ಎಷ್ಟು ದೂರ ಕಾಣ್ತದೆ ಈಗ?” ಎಂದು ಮೆಲ್ಲಗೆ ಕೇಳಿದ.

“ಗೇಟಿನ ತನಕ,” ಎಂದಳು. “ಅದರಾಚೆ ನಾನು ನೋಡಿಲ್ಲ.”

ಅವನು ತಲೆ ತಗ್ಗಿಸಿ ಒಳಗೆ ಹೋದ, ಆದರೆ ನಗು ಅವನ ಕತ್ತಿನ ಹಿಂಭಾಗದಲ್ಲೂ ಕಾಣುತ್ತಿತ್ತು.

ರೋಸ್ ಶುರುವಾಯಿತು. ರೆಶ್ಮಾ ಸ್ಟೂಲಿನ ಮೇಲೆ ಕೂತಳು. ಹಿರಿಯರೊಬ್ಬರು ಪ್ರಾರ್ಥನೆ ಹೇಳಿದರು, ಹಾಡು ಎತ್ತಿದರು. ಬಾವಿಕಟ್ಟೆಯ ತೆಂಗಿನ ಹಾಲು, ಒಂದು ಕಣ ಧೂಳಿಲ್ಲದೆ, ಬೆಳ್ಳಗೆ ಬಟ್ಟಲಿನಲ್ಲಿತ್ತು. ಸೆವ್ರಿನ್ ಬಾಯಿ ಮೊದಲು ಆಕಾಶಕ್ಕೆ ಮುಖವೆತ್ತಿ ಗಂಡನಿಗೆ ಏನೋ ಹೇಳಿದರು. ಕೊಂಕಣಿ ಬಾರದ ಮಾರ್ಥಾಳಿಗೂ ಅದು ಅರ್ಥವಾಯಿತು. ಆಮೇಲೆ ಮಗಳ ಹಣೆಯ ಮೇಲೆ ಶಿಲುಬೆ ಎಳೆದು, ನೆತ್ತಿಗೆ ಹಾಲೆರೆದರು. ಒಬ್ಬೊಬ್ಬರಾಗಿ ಬಂದರು. ಕೆನ್ನೆಗೆ ಹಚ್ಚಿದರು, ಕೀಟಲೆಗೆ ಕಿವಿಯೊಳಗೂ ಹಚ್ಚಿದರು.

“ಬಾ ಮಗಾ,” ಎಂದರು ಸೆವ್ರಿನ್ ಬಾಯಿ. “ಈ ಮನೆಯವರು ಹಚ್ಚಿ ಆಯ್ತು, ನೀನೊಬ್ಬಳು ಬಾಕಿ.”

ಮಾರ್ಥಾ ಬೆರಳನ್ನು ಹಾಲಿನಲ್ಲಿ ಅದ್ದಿ ರೆಶ್ಮಾಳ ಕೆನ್ನೆ ಸವರಿದಳು. ಕೊನೆಯ ಸರದಿ ಅದೇ ಆಗಿತ್ತು. ಸ್ನಾನಕ್ಕೆ ಕರೆದುಕೊಂಡು ಹೋಗಲು ಮದುಮಗಳನ್ನು ಇನ್ನೇನು ಎಬ್ಬಿಸಬೇಕು, ಆಗ ಟಪ್ ಎಂದು ಒಂದು ಹನಿ ಬಿತ್ತು. ಇನ್ನೊಂದು. ಹಿಂದೆ ಉಳಿದ ಒಂದು ತುಂಡು ಮೋಡ, ಎಲ್ಲರೂ ಮರೆತದ್ದು, ಮರದ ಮೇಲೆ ಬಂದು ನಿಂತು ಜಿನುಗತೊಡಗಿತು. ಜನ ಕುರ್ಚಿ ಬಿಟ್ಟು ಏಳಹೊರಟರು.

ಮಾರ್ಥಾ ತಲೆಯೆತ್ತಿ ನೋಡಿದಳು. “ಅದು... ಉಳಿದ ಮೂವತ್ತು,” ಎಂದಳು.

ಸೆವ್ರಿನ್ ಬಾಯಿ ಕೈಯೆತ್ತಿ ಎಲ್ಲರನ್ನೂ ತಡೆದರು. ರೆಶ್ಮಾ ಕದಲಲಿಲ್ಲ, ಕಣ್ಣು ಮುಚ್ಚಿ, ಮುಖ ಮೇಲೆ ಮಾಡಿ ಕೂತಿದ್ದಳು. ಹನಿಗಳು ತೆಂಗಿನ ಹಾಲನ್ನು ನೆತ್ತಿಯಿಂದ ಹಣೆಗೆ, ಹಣೆಯಿಂದ ಕೆನ್ನೆಗೆ ಇಳಿಸಿ ಮೆಲ್ಲಗೆ ತೊಳೆಯುತ್ತಿದ್ದವು.

“ಕೂತ್ಕೊಳ್ಳಿ ಎಲ್ಲ,” ಎಂದರು ತಾಯಿ. “ಅವಳಪ್ಪ ಸ್ನಾನ ಮಾಡಿಸ್ತಾ ಇದ್ದಾರೆ.”

ಸಫಿಯಮ್ಮ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಯಾರೋ ಹಾಡು ಎತ್ತಿದರು, ಎಲ್ಲರೂ ಒದ್ದೆಯಾಗುತ್ತಲೇ ಸೇರಿಕೊಂಡರು. ಹಾಡು ಮುಗಿಯುವುದಕ್ಕೂ ಮೋಡ ಕರಗುವುದಕ್ಕೂ ಸರಿಹೋಯಿತು.

ಊಟದ ಗದ್ದಲದ ನಡುವೆ ಬೋರೆ ಮರದ ಕೆಳಗೆ ಸ್ಯಾವಿಯೊ ಅವಳ ಬಳಿ ಬಂದು ನಿಂತ. ಎಲೆಗಳಿಂದ ಉಳಿದ ಹನಿ ಇಬ್ಬರ ಮೇಲೂ ಬೀಳುತ್ತಿತ್ತು.

“ಅವತ್ತು ಖಂಡಿತ ಅಂತ ಯಾಕೆ ಹೇಳಿದ್ರಿ ಅಂತ ಅಮ್ಮ ನನಗೆ ಹೇಳಿದರು,” ಎಂದ.

“ನಾನು ಅವರಿಗೆ ಏನೂ ಹೇಳಲೇ ಇಲ್ಲ.”

“ನೀವು ಹೇಳದ್ದನ್ನೇ ಅವರು ಹೇಳಿದ್ದು.” ಅವನ ಕೈ ಅಂಗಿಯ ಗುಂಡಿಯನ್ನು ತಿರುವುತ್ತಿತ್ತು. “ಮಧ್ಯಾಹ್ನ ಸಿಟ್ಟು ಆಮೇಲೆ ಮಾಡುವಾ ಅಂದಿದ್ದೆ. ಈಗ ಹುಡುಕಿದ್ರೆ ಸಿಗ್ತಾ ಇಲ್ಲ. ನನಗೆ ಸುಳ್ಳು ಹೇಳಿದವರು ನೀವೊಬ್ರೇ, ಅದನ್ನು ಒಪ್ಪಿಕೊಳ್ಳಲಿಕ್ಕೆ ನಮ್ಮ ಅಂಗಳದ ತನಕ ಬಂದವರೂ ನೀವೊಬ್ರೇ. ಒಂದು ಕೇಳ್ತೇನೆ. ಲೆಕ್ಕ ನೋಡಿ ಹೇಳಿ, ನುಂಗ್ಬೇಡಿ.”

“ಕೇಳಿ.”

“ಮುಂದಿನ ವಸಂತಕ್ಕೆ ಪಾಲಹಳ್ಳಿಗೆ ಹೆಣ್ಣು ಕೇಳ್ಲಿಕ್ಕೆ ಅಮ್ಮನನ್ನು ಕರ್ಕೊಂಡು ಬಂದ್ರೆ, ಬರಿಗೈಯಲ್ಲಿ ಕಳಿಸ್ಲಿಕ್ಕಿಲ್ಲ ಅನ್ನುವ ಸಾಧ್ಯತೆ ನೂರಕ್ಕೆ ಎಷ್ಟು?”

ಮಾರ್ಥಾ ಬೆರಳನ್ನು ನೋಡಿಕೊಂಡಳು. ಉಗುರಿನ ಅಂಚಿನಲ್ಲಿ ತೆಂಗಿನ ಹಾಲು ಇನ್ನೂ ಅಂಟಿತ್ತು. ಅದನ್ನು ಒರೆಸಿಕೊಳ್ಳದೆ, ಮುಖವೆತ್ತಿ ಮೊದಲು ಆಕಾಶ ನೋಡಿದಳು. ಪಶ್ಚಿಮದಿಂದ ಪೂರ್ವದವರೆಗೆ ನಕ್ಷತ್ರ. ಆಮೇಲೆ ಅವನನ್ನು ನೋಡಿದಳು.

“ಖಂಡಿತ,” ಎಂದಳು.

“ದೇವರ ಚಿತ್ತ ಅನ್ಲಿಕ್ಕಿಲ್ವಾ ಈ ಸಲ?”

“ಮೇಲೆ ನೋಡಿ ಅದನ್ನು ಕೇಳ್ಕೊಂಡೇ ಹೇಳ್ತಿದೀನಿ,” ಎಂದಳು ಮಾರ್ಥಾ.